ಎರಡನೇ ದಾರಿ: ದಾವಣಗೆರೆ–ಹರಿಹರದ ಸರಕಿನ ಚರಿತ್ರೆ ನಮ್ಮ ಸಂಘಕ್ಕೆ ಹೇಳುವುದೇನು?



ರಜತ ಮಹೋತ್ಸವದ ಸ್ಮರಣ ಸಂಚಿಕೆ ಎಂದಮೇಲೆ ಸಂಘ ಹುಟ್ಟಿದ್ದು ಹೇಗೆ, ಮೊದಲು ಕೂಡಿದ ಷೇರು ಹಣ ಎಷ್ಟು, ಮೊದಲ ಆಡಳಿತ ಮಂಡಳಿಯಲ್ಲಿ ಯಾರಿದ್ದರು ಎಂದು ಬರೆಯುವುದು ವಾಡಿಕೆ. ಆ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಾವು ಇಲ್ಲಿ ಬರೆಯಹೊರಟಿರುವುದು ನಮ್ಮ ಗೋದಾಮಿಗೆ ಬಂದು ಬೀಳುವ ಚೀಲದ ಚರಿತ್ರೆ, ನಮ್ಮ ಕಣದಿಂದ ಹೊರಡುವ ಕಾಳಿನ ಚರಿತ್ರೆ. ಇದನ್ನು ಬರೆಯಲು ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದಿನ ಮುಂಗಾರಿನ ಮಾತು. ಮಳೆ ಹದವಾಗಿ ಬಿದ್ದು ಎಲ್ಲರೂ ಕೂರಿಗೆ ಕಟ್ಟಿ ನಿಂತಿದ್ದರು. ಗೊಬ್ಬರಕ್ಕೆ ನಾವು ಒಬ್ಬರೇ ಸರಬರಾಜುದಾರರನ್ನು ನೆಚ್ಚಿಕೊಂಡಿದ್ದೆವು. "ನಾಳೆ ಲಾರಿ ಬರ್ತದೆ" ಎಂದು ಅವರು ಹೇಳುವುದು, ಅದನ್ನೇ ನಾವು ಸದಸ್ಯರಿಗೆ ಹೇಳುವುದು. ಹೀಗೆ ಹನ್ನೊಂದು ದಿನ ಹೋಯಿತು. ಸಂಘದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೊನೆಗೆ ಕೇಳಿದಳು: "ಏನಪ್ಪಾ ಕಾರ್ಯದರ್ಶಿ, ಮಳಿ ನಿಮ್ಮ ಲಾರಿ ದಾರಿ ಕಾಯ್ತತೇನು?" ನಮ್ಮಲ್ಲಿ ಯಾರ ಬಾಯಿಂದಲೂ ಉತ್ತರ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಮ್ಮ ಜಿಲ್ಲೆಯ ಚರಿತ್ರೆಯನ್ನು ತಿರುವಿ ನೋಡಿದಾಗ, ಇದೇ ಪ್ರಶ್ನೆ ನಮ್ಮ ಹಿಂದಿನವರನ್ನೂ ಮತ್ತೆ ಮತ್ತೆ ಕಾಡಿದೆ ಎಂಬುದು ಕಂಡುಬಂತು.

ಅಡಿಕೆ, ಮೆಣಸು, ಕಂಬಳಿ

ದಾವಣಗೆರೆ ಮೊದಲಿನಿಂದಲೂ ದೊಡ್ಡ ಊರಲ್ಲ. ಹೈದರಾಲಿಯು ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಪೇಟೆ ಬೆಳೆದದ್ದು ಅಲ್ಲಿಂದ. ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ತಮಿಳು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಮದರಾಸಿನ ಬಂದರಿಗೆ ಯುರೋಪಿನಿಂದ, ಚೀನಾದಿಂದ, ಪೂರ್ವ ದ್ವೀಪಗಳಿಂದ ಬಂದಿಳಿದ ಸಾಮಾನು ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಇಲ್ಲಿ ನೇಯ್ದ ಕಂಬಳಿಗೆ ದೂರದ ಊರುಗಳಲ್ಲಿ ಹೆಸರಿತ್ತು. ಅಂದರೆ ಚೀನಾದ ಸಾಮಾನು ದಾವಣಗೆರೆಗೆ ಬರುವುದು ಈಚಿನ ಸಂಗತಿ ಏನಲ್ಲ. ಎತ್ತಿನ ಮೇಲೆ ಹೇರು ಹಾಕಿಕೊಂಡು ಬರುತ್ತಿದ್ದ ಕಾಲದಿಂದಲೂ ಇದೆ.

ಆಮೇಲೆ ದಾರಿ ಬದಲಾಯಿತು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆ ಆಯಿತು. 19ನೇ ಶತಮಾನ ಮುಗಿಯುವ ಮುನ್ನ ಬೆಂಗಳೂರು–ಪುಣೆ ರೈಲು ದಾವಣಗೆರೆ, ಹರಿಹರಗಳನ್ನು ಹಾದುಹೋಯಿತು. ಅತ್ತ ವಾಲಾಜಾಪೇಟೆಯನ್ನು ರೈಲು ಬದಿಗಿಟ್ಟು ಹೋಯಿತು. ಅಷ್ಟು ದೊಡ್ಡ ಪೇಟೆ ಇಳಿಮುಖವಾಯಿತು. ಅಲ್ಲಿಯ ವರ್ತಕರೇನು ಸೋಮಾರಿಗಳಾಗಿರಲಿಲ್ಲ. ಅವರ ಬದುಕು ಒಂದೇ ದಾರಿಯ ಮೇಲೆ ನಿಂತಿತ್ತು, ಆ ದಾರಿ ಬೇರೆ ಕಡೆ ತಿರುಗಿತು, ಅಷ್ಟೇ. ದಾವಣಗೆರೆಗೆ ಹೊಸ ದಾರಿ ಸಿಕ್ಕಿತು, ಉಳಿಯಿತು.

ಮ್ಯಾಂಚೆಸ್ಟರಿನ ಹಸಿವು, ಧಾರವಾಡದ ಹತ್ತಿ

ಇನ್ನು ಹತ್ತಿಯ ಕಥೆ. ಹಿಂದೆ ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಯುತ್ತಿದ್ದರು. ನಾವೂ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಮೂಲ ಮ್ಯಾಂಚೆಸ್ಟರ್ ಒಮ್ಮೆ ಹತ್ತಿಯಿಲ್ಲದೆ ಒಣಗಿ ಕೂತಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಇಂಗ್ಲೆಂಡಿನ ಆ ಸೀಮೆಯ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ಅಲ್ಲಿ ಹತ್ತಿ ಬೆಳೆಯುತ್ತಿದ್ದವರು ಗುಲಾಮರು. ಒಂದಲ್ಲ ಒಂದು ದಿನ ಅಲ್ಲಿ ಗಲಾಟೆ ಎದ್ದೀತು, ಹತ್ತಿ ನಿಂತೀತು ಎಂಬ ಭಯ ಗಿರಣಿ ಮಾಲೀಕರಿಗೆ ಮೊದಲೇ ಇತ್ತು. ಅದಕ್ಕಾಗಿಯೇ 1857ರಲ್ಲಿ ಹತ್ತಿ ಸರಬರಾಜು ಸಂಘ ಎಂದು ಒಂದು ಸಂಘವನ್ನೇ ಕಟ್ಟಿದರು. ಅವರ ಕಣ್ಣು ನಮ್ಮ ಧಾರವಾಡ ಸೀಮೆಯ ಕಪ್ಪು ನೆಲದ ಮೇಲೆ ಬಿತ್ತು. ಅಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು; ಆದ್ದರಿಂದಲೇ ನಮ್ಮ ಜವಾರಿ ಹತ್ತಿಗೆ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ಬಿತ್ತು. ಕಾರವಾರವನ್ನು ದೊಡ್ಡ ಹತ್ತಿ ಬಂದರು ಮಾಡಬೇಕೆಂಬ ಒತ್ತಾಯವೂ ಎದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆ ಈ ಹತ್ತಿಯ ಒತ್ತಾಯವೂ ಇತ್ತು.

ಯೋಜನೆಯೇನೋ ಸರಿಯಾಗಿಯೇ ಇತ್ತು. ಆದರೆ ಕೆಲಸ ಹಿಂದೆ ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತೇಹೋಯಿತು. ಮ್ಯಾಂಚೆಸ್ಟರಿನ ಒಂದು ಕಂಪನಿ ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರ ಕಳಿಸಿದಾಗ ಘಟ್ಟದ ರಸ್ತೆಯೇ ತಯಾರಿರಲಿಲ್ಲ! ಬಾಯಾರಿದಾಗ ಬಾವಿ ತೋಡಿದ ಹಾಗಾಯಿತು. ಗಿರಣಿಗಳು ನಿಂತು ಲಕ್ಷಗಟ್ಟಲೆ ಜನ ಗಂಜಿ ಕೇಂದ್ರದ ಪಾಲಾದರು. ಅಪಾಯ ನಾಲ್ಕು ವರ್ಷ ಮೊದಲೇ ಗೊತ್ತಿದ್ದವರ ಗತಿ ಇದು.

ಇತ್ತ ನಮ್ಮ ಕಡೆ? ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಧಾರವಾಡದಿಂದ ಮಹಾರಾಷ್ಟ್ರದವರೆಗೆ ಹತ್ತಿ ಬೆಳೆದವರ ಕೈಯಲ್ಲಿ ಹಣ ಓಡಾಡಿತು. ಸಾಹುಕಾರರು ಕರೆಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಹೊರಟಿತು, ಇಲ್ಲಿ ಬೆಲೆ ಬಿದ್ದುಹೋಯಿತು. ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದಕ್ಕೆ ಕಾರಣ ಹಲವು. ಹತ್ತಿ ಬೆಲೆಯ ಕುಸಿತವೂ ಅದರಲ್ಲಿ ಒಂದು.

ಇಲ್ಲಿ ನಮ್ಮ ಸಂಘದ ಬೇರು ಇದೆ ಎಂಬುದನ್ನು ಸದಸ್ಯರು ಗಮನಿಸಬೇಕು. ರೈತನ ಸಾಲದ ಈ ಗೋಳಿಗೆ ಪರಿಹಾರ ಹುಡುಕುತ್ತಾ ಹೋದದ್ದರ ಫಲವೇ 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ. ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಸಹಕಾರ ಕಾನೂನು ಬಂತು. ಎಲ್ಲೋ ದೂರದಲ್ಲಿ ಒಂದು ಕೊಂಡಿ ಕಳಚಿದಾಗ ಹಳ್ಳಿಯ ರೈತ ಒಬ್ಬಂಟಿಯಾಗಿ ನೀರಿಗೆ ಬೀಳಬಾರದು ಎಂಬುದೇ ಸಹಕಾರದ ಮೂಲ ಆಶಯ ಎಂದು ನಾವು ತಿಳಿದಿದ್ದೇವೆ.

ಗಿರಣಿ ನಿಂತಿತು, ಊರು ನಿಲ್ಲಲಿಲ್ಲ

1930ರ ದಶಕದಿಂದೀಚೆಗೆ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದರ ಹಿಂದೊಂದು ಎದ್ದವು. ಸುತ್ತಣ ಹಳ್ಳಿಗಳ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ, ಅಲ್ಲಿಂದ ಗಿರಣಿಗೆ, ನೂಲಾಗಿ ಬಟ್ಟೆಯಾಗಿ ಪೇಟೆಗೆ. ಗಿರಣಿಯ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳಿದ್ದವು. ನಮ್ಮ ಊರುಗಳಿಂದಲೂ ಎಷ್ಟೋ ಜನ ಪಾಳಿ ಕೆಲಸಕ್ಕೆ ಹೋದವರೇ. ಆದರೆ ಯಂತ್ರಗಳು ಹಳೆಯವಾದವು. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು. ಪಾಲಿಯೆಸ್ಟರ್ ಬಂತು. 20ನೇ ಶತಮಾನ ಮುಗಿಯುವಷ್ಟರಲ್ಲಿ ಬಹುತೇಕ ಗಿರಣಿಗಳು ಬಾಗಿಲು ಹಾಕಿದ್ದವು.

ಗಿರಣಿಯೊಂದನ್ನೇ ನೆಚ್ಚಿದ ಮನೆಗಳು ಬಹಳ ಕಷ್ಟಪಟ್ಟವು. ಅದನ್ನು ಮರೆಯಬಾರದು. ಆದರೂ ಊರು ಬಿದ್ದುಹೋಗಲಿಲ್ಲ. ಯಾಕೆಂದರೆ ಗಿರಣಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲೇ, 1958ರಲ್ಲಿ, ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತ್ತು, ಕಾಲೇಜುಗಳು ಬೆಳೆದಿದ್ದವು. ಭದ್ರಾ ನಾಲೆ ಬಂದು ಭತ್ತ, ಭತ್ತದಿಂದ ಅಕ್ಕಿ ಗಿರಣಿ ಬಂದಿದ್ದವು. ಕೃಷಿ ಮಾರುಕಟ್ಟೆ ಇತ್ತು. ಒಂದು ಕಾಲು ಮುರಿದಾಗ ಊರಿಕೊಳ್ಳಲು ಇನ್ನೊಂದು ಕಾಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವೂ ಆಯಿತು.

ಹರಿಹರದ ಎರಡು ಪಾಠ

ಹರಿಹರದ ಕಥೆ ಇನ್ನೂ ಸ್ವಾರಸ್ಯವಾದದ್ದು. ಎರಡನೇ ಮಹಾಯುದ್ಧದಲ್ಲಿ ಹೊರದೇಶದ ಯಂತ್ರಗಳು ನಮ್ಮ ದೇಶಕ್ಕೆ ಬರುವುದೇ ಕಷ್ಟವಾಗಿದ್ದಾಗ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಳಗದ ಕಾರ್ಖಾನೆ ಅದು. ಇಲ್ಲಿಯ ಲೇಥ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಸಮುದ್ರದ ದಾರಿ ಕಟ್ಟಿದ್ದೇ ಹರಿಹರಕ್ಕೆ ವರವಾಯಿತು. 1991ರ ನಂತರ ಅದೇ ದಾರಿ ಪೂರಾ ತೆರೆಯಿತು. ಹೊರಗಿನ ಯಂತ್ರ, ಕಂಪ್ಯೂಟರ್ ನಡೆಸುವ ಯಂತ್ರ ಬಂದವು. ಬೇರೆ ಕಾರಣಗಳೂ ಸೇರಿ ಹತ್ತು ವರ್ಷದ ಆಸುಪಾಸಿನಲ್ಲಿ ಆ ಕಾರ್ಖಾನೆ ನಿಂತಿತು. ಅದಕ್ಕೇ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಶೆಡ್ಡುಗಳವರ ಪಾಡು ಹೇಳುವುದೇ ಬೇಡ. ಬೇರೆ ಗಿರಾಕಿಗಳನ್ನೂ ಇಟ್ಟುಕೊಂಡಿದ್ದವರು ಉಸಿರಾಡಿದರು. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ವ್ಯಾಪಾರಕ್ಕೂ ಸಲ್ಲುತ್ತದೆ.

ಎರಡನೆಯದು ಹೊಳೆಯಾಚೆಯ ಕುಮಾರಪಟ್ಟಣಂನ ಹರಿಹರ ಪಾಲಿಫೈಬರ್ಸ್. 1972ರಲ್ಲಿ ಶುರುವಾದ ಈ ಕಾರ್ಖಾನೆಗೆ ರೇಯಾನ್ ನೂಲಿನ ತಿರುಳು ತೆಗೆಯಲು ನೀಲಗಿರಿ ಮರ ಬೇಕು. ಮರ ಸದಾ ಸಿಗಬೇಕೆಂಬ ಲೆಕ್ಕದಲ್ಲಿ 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಆಯಿತು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೆಡುತೋಪು ಮಾಡುವ ಯೋಜನೆ. ಕಾಗದದ ಮೇಲೆ ಬಹಳ ಅಚ್ಚುಕಟ್ಟು. ಆದರೆ ಆ ಜಮೀನಿನಲ್ಲಿ ಹಳ್ಳಿಯವರ ದನ ಮೇಯುತ್ತಿತ್ತು, ಅವರ ಒಲೆಗೆ ಅಲ್ಲಿಂದ ಸೌದೆ ಬರುತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ 'ಕಿತ್ತಿಕೊ–ಹಚ್ಚಿಕೊ' ಚಳವಳಿ ಮಾಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಇದರ ಮುಂಚೂಣಿಯಲ್ಲಿದ್ದರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಸರಕು ಎಲ್ಲಿಂದ ಬರುತ್ತದೋ ಅಲ್ಲಿಯ ಜನರನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಯೋಜನೆ ಎಷ್ಟು ದೊಡ್ಡದಾದರೂ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಜೋಳ, ನಮ್ಮ ಗೊಬ್ಬರ

ಹತ್ತಿ ಹೋದ ಹೊಲಕ್ಕೆ ಮೆಕ್ಕೆಜೋಳ ಬಂತು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಕಣಜ ಎನಿಸಿತು. ಆದರೆ ಈ ಕಾಳಿನ ದೊಡ್ಡ ಗಿರಾಕಿ ಕೋಳಿ ಫಾರಂ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದಾಗ ಜನ ಕೋಳಿ ಬಿಟ್ಟರು. 2020ರಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಮತ್ತೆ ಬಿಟ್ಟರು. ಲಾಕ್‌ಡೌನ್‌ನಲ್ಲಿ ಲಾರಿಗಳೂ ನಿಂತವು. ಕೋಳಿ ತಿನ್ನದವನ ಮನೆಯ ಜೋಳಕ್ಕೂ ಬೆಲೆ ಇಲ್ಲದಂತಾಯಿತು. 2018ರಲ್ಲಿ, ದೇಶದಲ್ಲೇ ಮೊದಲ ಬಾರಿಗೆ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಅಮೆರಿಕದ ಹುಳು, ಆಫ್ರಿಕಾ ಹಾದು ಬಂದು ನಮ್ಮ ಜೋಳದ ಸುಳಿಯಲ್ಲಿ ಕೂತಿತು. ಊರಿಗೆ ಊರೇ ಒಂದೇ ಬೆಳೆ ಇಟ್ಟರೆ ಹುಳಕ್ಕೂ ಹಬ್ಬ, ದಲ್ಲಾಳಿಗೂ ಹಬ್ಬ.

ಗೊಬ್ಬರಕ್ಕೆ ಬರೋಣ. ಪೊಟ್ಯಾಷ್ ನಮ್ಮ ದೇಶದ ನೆಲದಲ್ಲಿ ತೆಗೆಯುವುದೇ ಇಲ್ಲ ಎನ್ನಬಹುದು. ಕೆನಡಾ, ರಷ್ಯಾ, ಬೆಲಾರೂಸ್ ಮುಂತಾದ ಕಡೆಯಿಂದ ಬರಬೇಕು. ಡಿಎಪಿಯೂ, ಅದನ್ನು ಮಾಡುವ ಕಚ್ಚಾ ವಸ್ತುವೂ ಬಹುಪಾಲು ಹೊರಗಿನವು. ಯೂರಿಯಾ ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ತಯಾರಾಗುತ್ತಿದೆ; ಅದು ನಮ್ಮದೇ ತಾನೇ ಎಂದುಕೊಳ್ಳುತ್ತೇವೆ. ಆ ಕಾರ್ಖಾನೆ ಮೊದಲು ನಾಫ್ತಾ ಎಣ್ಣೆಯಿಂದ ನಡೆಯುತ್ತಿತ್ತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಉದ್ಘಾಟನೆಯಾಗಿ ಗ್ಯಾಸ್ ಬಂತು. ಕೊಚ್ಚಿಗೆ ಆ ಗ್ಯಾಸ್ ಬರುವುದು ಹಡಗಿನಲ್ಲಿ. ಪಣಂಬೂರಿನಿಂದ ಚೀಲ ನಮ್ಮೂರಿಗೆ ಬರಲು ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಇಲ್ಲ. ಒಂದು ಚೀಲದ ಹಿಂದೆ ಎಷ್ಟು ಕೊಂಡಿ ನೋಡಿ!

ಈ ಕೊಂಡಿಗಳು ಒಂದೇ ಕಾಲಕ್ಕೆ ಕಳಚಿದ್ದನ್ನು ನಾವು ಕಣ್ಣಾರೆ ಕಂಡೆವು. 2021ರ ಮಾರ್ಚಿನಲ್ಲಿ ಒಂದು ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತು ಆರು ದಿನ ದಾರಿ ಕಟ್ಟಿತು. ಡಿಎಪಿ ಬೆಲೆ ಏರಿದ್ದರಿಂದ ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಚೀಲಕ್ಕೆ 500 ರೂಪಾಯಿ ಇದ್ದ ಸಹಾಯಧನವನ್ನು 1,200ಕ್ಕೆ ಏರಿಸಬೇಕಾಯಿತು. ವರ್ಷದ ಕೊನೆಯಲ್ಲಿ ಚೀನಾ ರಂಜಕ ಗೊಬ್ಬರದ ರಫ್ತಿಗೆ ಕಡಿವಾಣ ಹಾಕಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. ಬೆಲಾರೂಸ್ ದೇಶಕ್ಕೆ ಸಮುದ್ರವೇ ಇಲ್ಲ. ಪಕ್ಕದ ಲಿಥುವೇನಿಯಾದ ಬಂದರಿನಿಂದ ಪೊಟ್ಯಾಷ್ ಕಳಿಸುತ್ತಿತ್ತು. ಅದೇ ತಿಂಗಳ ಮೊದಲ ದಿನ ಲಿಥುವೇನಿಯಾ ರೈಲು ನಿಲ್ಲಿಸಿತು. ಗುಡ್ಡದಷ್ಟು ಪೊಟ್ಯಾಷ್ ಇದ್ದರೂ ಕಳಿಸಲು ದಾರಿ ಇಲ್ಲದ ದೇಶ ಅತ್ತ, ಒಂದು ಚೀಲಕ್ಕೆ ಕಾದು ಕೂತ ನಮ್ಮ ಹಳ್ಳಿ ಇತ್ತ.

ಕೊರತೆ ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2008ರ ಜೂನ್ 10ರಂದು, ವಿಶ್ವದಲ್ಲೆಲ್ಲಾ ಗೊಬ್ಬರದ ಬೆಲೆ ಏರಿದ್ದ ಕಾಲದಲ್ಲಿ, ಹೊಳೆಯಾಚೆಯ ಹಾವೇರಿಯಲ್ಲಿ ಗೊಬ್ಬರ ಕೇಳಲು ಬೀದಿಗಿಳಿದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಗೊಬ್ಬರದ ಚೀಲ ಎಂದರೆ ಬರೀ ವ್ಯಾಪಾರವಲ್ಲ ಎಂದು ಆ ದಿನ ಹೇಳಿತು.

ನಾವು ಮಾಡಬೇಕಾದ್ದು

ಯುದ್ಧ ನಿಲ್ಲಿಸುವುದು, ಕಾಲುವೆ ಬಿಡಿಸುವುದು ನಮ್ಮ ಸಂಘದ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವುದೂ ಸಣ್ಣದೇನಲ್ಲ. ಈ ಚರಿತ್ರೆಯಿಂದ ನಾವು ಕಲಿತ ನಾಲ್ಕು ಮಾತನ್ನು ಸದಸ್ಯರ ಮುಂದೆ ಇಡುತ್ತೇವೆ.

ಮೊದಲನೆಯದು, ಗೊಬ್ಬರ, ಬೀಜ ಎರಡಕ್ಕೂ ಕನಿಷ್ಠ ಇಬ್ಬರು ಸರಬರಾಜುದಾರರಿರಬೇಕು. ಬೇಡಿಕೆ ಪಟ್ಟಿ ಮಳೆ ಬರುವ ಮುನ್ನ, ಬೇಸಿಗೆಯಲ್ಲೇ ಹೋಗಬೇಕು. ಒಂದಿಷ್ಟು ದಾಸ್ತಾನು ಸದಾ ಗೋದಾಮಿನಲ್ಲಿರಬೇಕು.

ಎರಡನೆಯದು, ಬೇಡಿಕೆಯನ್ನೇ ಸ್ವಲ್ಪ ಇಳಿಸಬೇಕು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ಸೆಣಬು, ಡಯಾಂಚ ಬಿತ್ತಿ ಮಣ್ಣಿಗೆ ಸೇರಿಸುವುದು, ತಿಪ್ಪೆಗೊಬ್ಬರವನ್ನು ಮರೆಯದಿರುವುದು. ನಮ್ಮ ತಿಪ್ಪೆಗೆ ಸೂಯೆಜ್ ಕಾಲುವೆ ಅಡ್ಡ ಬರುವುದಿಲ್ಲ.

ಮೂರನೆಯದು, ಮೆಕ್ಕೆಜೋಳದ ಜೊತೆ ತೊಗರಿಯ ಅಕ್ಕಡಿ ಸಾಲು ಇರಲಿ. ಕೊಯ್ಲಾದ ದಿನವೇ ಮಾರದೆ, ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆದು ಬೆಲೆ ಬಂದಾಗ ಮಾರುವ ಅನುಕೂಲ ಸದಸ್ಯರಿಗೆ ಇರಲಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ 186 ಅಡಿಯಲ್ಲಿ ಎಷ್ಟು ತುಂಬಿದೆ ಎಂದು ನೋಡಿಯೇ ಭತ್ತದ ಮಾತಾಡೋಣ. ನಾಲೆಯ ಕೊನೆ ಭಾಗದವರಿಗೆ ಇದು ಚೆನ್ನಾಗಿ ಗೊತ್ತು.

ನಾಲ್ಕನೆಯದು, ಪ್ರತಿ ಹಂಗಾಮಿನಲ್ಲಿ ಸರಕು ಎಲ್ಲಿಂದ ಬಂತು, ಎಷ್ಟು ದಿನ ತಡವಾಯಿತು, ಯಾಕೆ ಎಂದು ಒಂದು ವಹಿ ಬರೆದಿಡಬೇಕು. ಬರೆದಿಡದ ಕಷ್ಟ ಮರುವರ್ಷಕ್ಕೆ ಮರೆತುಹೋಗುತ್ತದೆ.

ಇದಕ್ಕೆಲ್ಲ ಹಣ ಬೇಕು. ಈಗ ಮಹಾಸಭೆಯ ಮುಂದಿರುವ ಪ್ರಶ್ನೆಯೂ ಅದೇ. ಬೆಳ್ಳಿ ಹಬ್ಬದ ವರ್ಷ, ಲಾಭ ಬಂದಿದೆ, ಡಿವಿಡೆಂಡ್ ಜಾಸ್ತಿ ಕೊಡಿ ಎಂಬುದು ಕೆಲವರ ಮಾತು. ಎರಡನೇ ಗೋದಾಮು ಕಟ್ಟೋಣ, ಬೆಲೆ ಏರಿಳಿತಕ್ಕೆ ಒಂದು ನಿಧಿ ಇಡೋಣ ಎಂಬುದು ಇನ್ನು ಕೆಲವರ ಮಾತು. ಸಹಕಾರ ಕಾಯಿದೆಯಂತೆ ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆ ಇಲ್ಲದಂತೆ ಆಪದ್ಧನ ನಿಧಿಗೆ ತೆಗೆದಿಡಲೇಬೇಕು. ಉಳಿದದ್ದರ ಬಗ್ಗೆ ಈ ಚರ್ಚೆ. ಡಿವಿಡೆಂಡ್ ಕೇಳುವವರದು ತಪ್ಪೆಂದು ನಾವು ಹೇಳುವುದಿಲ್ಲ. ಎರಡೆಕರೆಯವನಿಗೆ ಇವತ್ತಿನ ನೂರು ರೂಪಾಯಿ ನಾಳೆಯ ಇನ್ನೂರಕ್ಕಿಂತ ದೊಡ್ಡದು. ದಾಸ್ತಾನಿಗೂ ಖರ್ಚಿದೆ: ಬಡ್ಡಿ ಓಡುತ್ತದೆ, ಥಂಡಿಗೆ ಯೂರಿಯಾ ಗಟ್ಟಿಯಾಗುತ್ತದೆ, ಕೊಂಡ ಮೇಲೆ ಬೆಲೆ ಇಳಿದರೆ ನಷ್ಟ ನಮ್ಮದೇ.

ಇಷ್ಟೆಲ್ಲ ತೂಗಿ ನೋಡಿಯೂ ನಮ್ಮ ಮತ ಗೋದಾಮಿನ ಕಡೆಗೇ ಇದೆ. ಮ್ಯಾಂಚೆಸ್ಟರಿನವರಿಗೆ 1857ರಲ್ಲೇ ಬುದ್ಧಿ ಇತ್ತು, ಹಣವೂ ಇತ್ತು. ರಸ್ತೆ ಮಾತ್ರ ಇರಲಿಲ್ಲ. ದಾವಣಗೆರೆಯ ಹಿರಿಯರು ಗಿರಣಿ ಓಡುತ್ತಿದ್ದಾಗಲೇ ಕಾಲೇಜು ಕಟ್ಟಿದ್ದರಿಂದ ಊರು ಉಳಿಯಿತು. ಎರಡನೇ ದಾರಿಯನ್ನು ಕಡಿಯಬೇಕಾದ್ದು ಮೊದಲನೇ ದಾರಿ ಚೆನ್ನಾಗಿರುವಾಗ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಅಜ್ಜಿ ಕೇಳಿದ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆ ಯಾರ ಲಾರಿಗೂ ಕಾಯುವುದಿಲ್ಲ. ಆದ್ದರಿಂದ ಮಳೆಗಿಂತ ಮೊದಲು ಚೀಲ ನಮ್ಮ ಗೋದಾಮಿನಲ್ಲಿರಬೇಕು. ಮಹಾಸಭೆಗೆ ಎಲ್ಲ ಸದಸ್ಯರೂ ಬನ್ನಿ, ನಿಮ್ಮ ಮಾತು ಹೇಳಿ, ಕೈ ಎತ್ತಿ ತೀರ್ಮಾನಿಸಿ. ಸಂಘದ ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವ ಮಕ್ಕಳು ನಮ್ಮ ಬಗ್ಗೆ ಬರೆಯುವಾಗ, "ಇವರಿಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ಮಾಡಿದರು" ಎಂದು ಬರೆಯುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.